ಚೇಳು ಕಡಿದ ಮಗು ಅಳದಿದ್ದಾಗ

ಬಯಲುಸೀಮೆಯ ತಾಲೂಕು ಆಸ್ಪತ್ರೆಗೆ ಸೇರಿದ ಹೊಸತರಲ್ಲಿ ಚೇಳು ಕಡಿತವೆಂದರೆ ನೋವು ಎಂದಷ್ಟೇ ತಿಳಿದಿದ್ದೆ. ಕಿರುಚುತ್ತ ಬಂದವರ ಬೆರಳ ಬುಡಕ್ಕೆ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುತ್ತಿದ್ದೆ, ಜೊತೆಗೊಂದು ಸ್ಟೀರಾಯ್ಡ್. ಆ ಸ್ಟೀರಾಯ್ಡ್‌ನಿಂದ ಏನೂ ಪ್ರಯೋಜನವಿಲ್ಲ ಎಂಬುದು ತಡವಾಗಿ ಅರ್ಥವಾಯಿತು. ಈಗ ಕಿರುಚುವವರಿಗಿಂತ ಮೊದಲು ಸುಮ್ಮನೆ ಮಲಗಿದವರನ್ನು ನೋಡುತ್ತೇನೆ.

ಶೇಂಗಾ ಕೀಳುವ ಕಾಲದ ಒಂದು ಸಂಜೆ, ನಾಲ್ಕು ವರ್ಷದ ಹುಡುಗನನ್ನು ತಾಯಿ ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದಳು. ಬಳ್ಳಿಯ ರಾಶಿಗೆ ಕೈ ಹಾಕಿದಾಗ ಕೆಂಪು ಚೇಳು ಕಡಿದಿತ್ತು. ಎರಡು ಸಲ ವಾಂತಿಯಾಗಿತ್ತು. ಅಂಗಿ ಬೆವರಿಗೆ ಮೈಗಂಟಿತ್ತು, ಅಂಗಾಲು ಮಂಜಿನಂತೆ ತಣ್ಣಗಿತ್ತು, ರಕ್ತದೊತ್ತಡ 140/100, ಆ ವಯಸ್ಸಿಗೆ ತೀರಾ ಹೆಚ್ಚು. ಮಗು ಅಳುತ್ತಿರಲಿಲ್ಲ.

ನಮ್ಮ ನರ್ಸ್‌ಗಳಿಗೆ ನಾನು ಹೇಳಿಕೊಡುವುದು ಹೀಗೆ. ನರದ ಪೊರೆಯಲ್ಲಿ ಸೋಡಿಯಂ ಒಳಬರುವ ಬಾಗಿಲುಗಳಿವೆ, ಅವಕ್ಕೆ ಚಾನೆಲ್ ಎನ್ನುತ್ತಾರೆ. ಸಂದೇಶ ಬಂದಾಗ ತೆರೆದು, ಒಂದೆರಡು ಮಿಲಿಸೆಕೆಂಡಿನಲ್ಲೇ ಮುಚ್ಚಿಕೊಳ್ಳುತ್ತವೆ. ಚೇಳಿನ ವಿಷದಲ್ಲಿರುವ ಆಲ್ಫಾ ಟಾಕ್ಸಿನ್ 60–70 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಅದು ಚಾನೆಲ್‌ನ ನಾಲ್ಕನೇ ಭಾಗದಲ್ಲಿ ವಿದ್ಯುತ್ ಬದಲಾವಣೆಯನ್ನು ಗುರುತಿಸುವ ವೋಲ್ಟೇಜ್ ಸೆನ್ಸರನ್ನು ಹಿಡಿದು ಕೂರುತ್ತದೆ. ತೆರೆದ ಬಾಗಿಲು ಮುಚ್ಚಲು ಬಿಡುವುದಿಲ್ಲ, ಅಷ್ಟೇ ಅದರ ಕೆಲಸ. ನಿಲ್ಲಬೇಕಾದ ಸಂದೇಶ ನಿಲ್ಲದೆ, ನರದ ತುದಿಗಳು ಸಂದೇಶ ಒಯ್ಯುವ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ: ಮೊದಲು ಅಸಿಟೈಲ್‌ಕೋಲಿನ್, ಅದರಿಂದ ವಾಂತಿ, ಜೊಲ್ಲು, ಬೆವರು, ಬೆನ್ನಿಗೇ ಅಡ್ರಿನಲಿನ್, ನಾರ್‌ಅಡ್ರಿನಲಿನ್. ರಕ್ತನಾಳಗಳು ಬಿಗಿಯುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಗುವನ್ನು ಕೊಲ್ಲುವುದು ಈ ಕೊನೆಯ ಹಂತ.

ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ರಕ್ತದೊತ್ತಡ ಇಳಿಸುವ ಪ್ರಾಝೋಸಿನ್ ಮಾತ್ರೆ ಕೊಟ್ಟು ದಾರಿ ತೋರಿಸಿದರು. ಸೋಡಿಯಂ ಬಾಗಿಲನ್ನು ಈ ಮಾತ್ರೆ ಮುಟ್ಟುವುದೇ ಇಲ್ಲ. ಬಿಗಿದ ರಕ್ತನಾಳವನ್ನು ಸಡಿಲಿಸುತ್ತದೆ. ವಿಷಕ್ಕೆ ಪ್ರತಿವಿಷವೂ ಇದೆ, ಎರಡನ್ನೂ ಸೇರಿಸಿ ಕೊಟ್ಟರೆ ಚೇತರಿಕೆ ಬೇಗ. ಅಂದು ನಮ್ಮಲ್ಲಿ ಪ್ರತಿವಿಷ ಇರಲಿಲ್ಲ.

ಪ್ರಾಝೋಸಿನ್ ಕಿಲೋಗೆ 30 ಮೈಕ್ರೋಗ್ರಾಂ ಲೆಕ್ಕ. ಹುಡುಗನ ತೂಕ 13 ಕಿಲೋ. 1 ಮಿಲಿಗ್ರಾಂನ ಸಾದಾ ಮಾತ್ರೆಯನ್ನು 10 ಎಂ.ಎಲ್. ನೀರಿನಲ್ಲಿ ಕದಡಿ 4 ಎಂ.ಎಲ್. ಕುಡಿಸಿದೆ. ನಿಧಾನವಾಗಿ ಕರಗುವ ಬಗೆಯ ಮಾತ್ರೆ ಇದಕ್ಕೆ ಬರುವುದಿಲ್ಲ. ಫಾರ್ಮಸಿಯಲ್ಲಿ ಸ್ಟ್ರಿಪ್ಪಿನ ಮೇಲಿನ ಅಕ್ಷರ ಓದಿಯೇ ತರಿಸುತ್ತೇನೆ. ತಾಯಿ ಎತ್ತಿಕೊಳ್ಳಲು ಹೋದಳು, ತಡೆದೆ. ಮೊದಲ ಡೋಸಿನ ನಂತರ ಎತ್ತಿ ಕೂರಿಸಿದರೆ ರಕ್ತದೊತ್ತಡ ದಿಢೀರನೆ ಬೀಳಬಹುದು. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಅವನ ಕೈ ಹಿಡಿದುಕೊಂಡಳು.

ಅರ್ಧ ಗಂಟೆಗೊಮ್ಮೆ ಎದೆ ಕೇಳಿದೆ, ಅಂಗಾಲು ಮುಟ್ಟಿದೆ. ಮೂರು ಗಂಟೆಯ ನಂತರ ಇನ್ನೊಂದು ಡೋಸು, ಮತ್ತೆ ಮೂರು ಗಂಟೆ ಬಿಟ್ಟು ಮತ್ತೊಂದು. ನಸುಕಿನಲ್ಲಿ ಬೆರಳು ನೋಯುತ್ತದೆಂದು ಜೋರಾಗಿ ಅಳತೊಡಗಿದ. ಅಂಗಾಲು ಬೆಚ್ಚಗಿತ್ತು.