ಮೇಲ್ಮನೆ ಕಟ್ಟುವುದು ಹೇಗೆ? ಹೊಸನಗರದಿಂದ ಶುರು ಮಾಡೋಣ

ಹೊಸನಗರ ತಾಲ್ಲೂಕು ಇದೆ, ಹೊಸನಗರ ವಿಧಾನಸಭಾ ಕ್ಷೇತ್ರ ಇಲ್ಲ. 2008ರ ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ಅದು ಹೋಯಿತು. ಒಂದಷ್ಟು ಊರು ಸಾಗರಕ್ಕೆ ಸೇರಿದವು, ಉಳಿದವು ತೀರ್ಥಹಳ್ಳಿಗೆ. ಯಾರೂ ಮೋಸ ಮಾಡಿದ್ದಲ್ಲ, ಕೆಳಮನೆಯ (ವಿಧಾನಸಭೆ, ಲೋಕಸಭೆಯಂಥವು) ಲೆಕ್ಕವೇ ಹಾಗೆ: ತಲೆ ಎಣಿಸು, ಸೀಟು ಹಂಚು. ಕಾಡು, ಗುಡ್ಡ, ಹಿನ್ನೀರು ಜಾಸ್ತಿ ಇದ್ದು ಜನ ಕಮ್ಮಿ ಇದ್ದರೆ ಸೀಟು ಕರಗುತ್ತದೆ.

ಒಂದು ದೇಶ ಸಂಸತ್ತಿಗೆ ಎರಡನೇ ಮನೆ, ಅಂದರೆ ನಮ್ಮ ರಾಜ್ಯಸಭೆಯಂಥ ಮೇಲ್ಮನೆ ಕಟ್ಟಲು ಹೊರಟರೆ ಮೊದಲ ಹೆಜ್ಜೆ ಇಲ್ಲೇ ಇದೆ. ಕೆಳಮನೆಯ ಲೆಕ್ಕದಲ್ಲಿ ಬಿಟ್ಟುಹೋದವರು ಯಾರು ಅಂತ ಪಟ್ಟಿ ಮಾಡಿ. ಹಾಗೆ ಯಾರೂ ಇಲ್ಲ ಅನ್ನಿಸಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅದೇ ಜನರನ್ನು ಅದೇ ಲೆಕ್ಕದಲ್ಲಿ ಇನ್ನೊಮ್ಮೆ ಕೂರಿಸುವುದಕ್ಕೆ ಎರಡನೇ ಮನೆ ಯಾಕೆ?

ಎರಡನೆಯದು ಸೀಟು ಹಂಚಿಕೆ. ಅಮೆರಿಕದಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಸೆನೆಟ್‌ಗೆ ಇಬ್ಬರು, ಒಟ್ಟು 100. ನೇಪಾಳದ 2015ರ ಸಂವಿಧಾನ 7 ಪ್ರಾಂತ್ಯಗಳಿಗೆ ತಲಾ 8 ಸೀಟು ಕೊಟ್ಟು, ನೇಮಕದ ಮೂವರನ್ನು ಸೇರಿಸಿ 59 ಮಾಡಿತು. ಪ್ರತಿ ಎಂಟರಲ್ಲಿ ಕನಿಷ್ಠ ಮೂವರು ಮಹಿಳೆಯರು, ಒಬ್ಬರು ದಲಿತರು, ಅಂಗವಿಕಲರು ಅಥವಾ ಅಲ್ಪಸಂಖ್ಯಾತರಲ್ಲಿ ಒಬ್ಬರು ಇರಲೇಬೇಕು. ನಮ್ಮ ರಾಜ್ಯಸಭೆ ಮಾತ್ರ ಬಹುಮಟ್ಟಿಗೆ ತಲೆ ಎಣಿಸಿಯೇ ಹಂಚುತ್ತದೆ: ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಂಗೆ 1. ಸಾಲದ್ದಕ್ಕೆ, 2003ರ ತಿದ್ದುಪಡಿ ಬಂದ ಮೇಲೆ ಕರ್ನಾಟಕದಿಂದ ಆರಿಸಿ ಹೋಗುವವರು ಕರ್ನಾಟಕದವರೇ ಆಗಿರಬೇಕು ಅಂತಲೂ ಇಲ್ಲ. ನನ್ನನ್ನು ಕೇಳಿದರೆ ಹೊಸದಾಗಿ ಕಟ್ಟುವವರು ಈ ವಿಷಯದಲ್ಲಿ ನಮ್ಮನ್ನು ನೋಡಿ ಕಲಿಯುವುದು ಬೇಡ, ನೇಪಾಳವನ್ನು ನೋಡಲಿ.

ಆಮೇಲೆ ಆರಿಸುವ ಬಗೆ. ಮಲೆನಾಡಿನ ಪದವೀಧರರಿಗೆ ಇದರ ರುಚಿ ಗೊತ್ತು. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದ ಮತಗಟ್ಟೆಗೆ ಹೋದರೆ ಅಲ್ಲಿ ಯಂತ್ರ ಇರುವುದಿಲ್ಲ. ಉದ್ದದ ಕಾಗದ, ಜೊತೆಗೆ ಅವರೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್. ಮೆಚ್ಚಿದವರ ಮುಂದೆ 1, ಬೇಕಿದ್ದರೆ ಮುಂದಿನವರಿಗೆ 2, 3. ಜೇಬಿನ ಪೆನ್ನು ತೆಗೆದು ಟಿಕ್ ಹಾಕಿದಿರೋ, ಮತ ಕುಲಗೆಟ್ಟಿತು. ರಾಜ್ಯಸಭೆಯದೂ ಇದೇ ಪ್ರಾಶಸ್ತ್ಯದ ಮತ, ಆದರೆ ಹಾಕುವವರು ಶಾಸಕರು. 224 ಶಾಸಕರು, 4 ಸೀಟು ಖಾಲಿ ಅಂದುಕೊಳ್ಳಿ. ಸೀಟಿಗೆ ಒಂದು ಸೇರಿಸಿ 5ರಿಂದ ಭಾಗಿಸಿದರೆ 44.8, ಅಂದರೆ 45 ಮತ ಬಿದ್ದವರು ಪಾಸು. ಈ ಲೆಕ್ಕದಿಂದಲೇ ಚಿಕ್ಕ ಪಕ್ಷಕ್ಕೂ ಒಂದು ಸೀಟಿನ ಆಸೆ ಇರುತ್ತದೆ, ಶಾಸಕರನ್ನು ರೆಸಾರ್ಟಿಗೆ ಸಾಗಿಸುವ ಗಡಿಬಿಡಿಯೂ ಇದರಿಂದಲೇ.

ಅವಧಿ ಆರು ವರ್ಷ ಇಡಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ ಆಗಲಿ. ಮೊದಲ ಸಲ ಎಲ್ಲರೂ ಒಟ್ಟಿಗೆ ಬಂದಿರುತ್ತಾರಲ್ಲ, ಬೇಗ ಹೋಗುವವರು ಯಾರು? ಚೀಟಿ ಎತ್ತಿ. 2018ರಲ್ಲಿ ನೇಪಾಳದಲ್ಲಿ ಹಾಗೇ ಮಾಡಿದರು.

ಕೈ ಸುಟ್ಟುಕೊಳ್ಳುವುದು ಅಧಿಕಾರ ಹಂಚುವಾಗ. ಎರಡೂ ಮನೆಗೆ ಸರಿಸಮ ಅಧಿಕಾರ ಕೊಟ್ಟರೆ ಸರ್ಕಾರ ಎರಡೂ ಕಡೆ ಬಹುಮತ ಹುಡುಕಿಕೊಂಡು ಅಲೆಯಬೇಕು. ಇಟಲಿಯಲ್ಲಿ ಹಾಗೇ ಇದೆ. ಸೆನೆಟ್ಟಿನ ರೆಕ್ಕೆ ಕತ್ತರಿಸಲು 2016ರಲ್ಲಿ ಜನಮತಗಣನೆ ಮಾಡಿದರೆ ಜನ ಒಪ್ಪಲಿಲ್ಲ. ಏನೂ ಕೊಡದಿದ್ದರೆ ಅದು ಸೋತವರನ್ನು ಎತ್ತಿಡುವ ಅಟ್ಟ ಆಗುತ್ತದೆ. ನಮ್ಮವರು ನಡುದಾರಿ ಹಿಡಿದರು. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವಂತಿಲ್ಲ. ಬೇರೆ ಮಸೂದೆಗೆ ಜಗಳ ಬಿದ್ದರೆ ಜಂಟಿ ಅಧಿವೇಶನ; ಅಲ್ಲಿ ಲೋಕಸಭೆಯ 543ರ ಎದುರು ರಾಜ್ಯಸಭೆಯ 245 ಏನು ಲೆಕ್ಕ? ಆದರೂ ಹಾಗೆ ಸೇರಿ ಮಸೂದೆ ತೀರ್ಮಾನಿಸಿದ್ದು 1961, 1978, 2002, ಈ ಮೂರೇ ಸಲ. ಸಂವಿಧಾನ ತಿದ್ದುಪಡಿಗೆ ಮಾತ್ರ ಜಂಟಿ ಅಧಿವೇಶನದ ದಾರಿಯೇ ಇಲ್ಲ, ರಾಜ್ಯಸಭೆ ಬೇಡ ಅಂದರೆ ಮುಗಿಯಿತು. ರಾಜ್ಯಪಟ್ಟಿಯ ವಿಷಯಕ್ಕೆ ಕೇಂದ್ರ ಕೈ ಹಾಕಬೇಕಾದಾಗ 249ನೇ ವಿಧಿಯಡಿ ಮೂರನೇ ಎರಡು ಬಹುಮತದಿಂದ ಒಪ್ಪಿಗೆ ಕೊಡುವುದೂ ಈ ಮನೆಯೇ. ಬೇರೆ ಏನನ್ನು ಬಿಟ್ಟರೂ ಈ ಎರಡನ್ನು ಬಿಡಬೇಡಿ.

ಇನ್ನು ಇದನ್ನೆಲ್ಲ ಪಾಸು ಮಾಡಿಸುವುದು. ಹೊಸ ಸಂವಿಧಾನ ಬರೆಯುವಾಗಲೇ ಸೇರಿಸಿಬಿಟ್ಟರೆ ಸಲೀಸು. ಆಮೇಲೆ ಹೊರಟರೆ ಕೆಳಮನೆಯವರೇ ತಮ್ಮ ಅಧಿಕಾರ ಕಮ್ಮಿ ಮಾಡಿಕೊಳ್ಳಲು ಕೈ ಎತ್ತಬೇಕು, ಯಾರು ಎತ್ತುತ್ತಾರೆ ಹೇಳಿ. ನಮ್ಮ ರಾಜ್ಯಗಳಲ್ಲಿ ವಿಧಾನ ಪರಿಷತ್ತು ಕಟ್ಟುವುದಕ್ಕೂ ಮುಚ್ಚುವುದಕ್ಕೂ 169ನೇ ವಿಧಿ ಇದೆ: ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಮಾಡಬೇಕು, ಆಮೇಲೆ ಸಂಸತ್ತು ಕಾನೂನು ತರಬೇಕು. ಆಂಧ್ರ 1985ರಲ್ಲಿ ಪರಿಷತ್ತನ್ನು ಕಳೆದುಕೊಂಡು 2007ರಲ್ಲಿ ವಾಪಸ್ ಪಡೆಯಿತು, 2020ರಲ್ಲಿ ಮತ್ತೆ ಬೇಡ ಅಂತ ನಿರ್ಣಯ ಮಾಡಿ ಮರುವರ್ಷ ಅದನ್ನೂ ಹಿಂದಕ್ಕೆ ತೆಗೆದುಕೊಂಡಿತು.

ನೇಮಕದ ಸದಸ್ಯರು ಬೇಕಿದ್ದರೆ ಎಷ್ಟು ಜನ ಅಂತ ಸಂವಿಧಾನದಲ್ಲೇ ಬರೆದಿಡಿ. ನಮ್ಮಲ್ಲಿ 12 ಅಂತ ಇದೆ. ನ್ಯೂಜಿಲೆಂಡಿನ ಮೇಲ್ಮನೆ ಪೂರ್ತಿ ನೇಮಕದ್ದು, ಮಿತಿಯೂ ಇರಲಿಲ್ಲ. ಅದನ್ನು ಮುಚ್ಚಬೇಕು ಅಂತ ಹೊರಟ ಸರ್ಕಾರ 1950ರಲ್ಲಿ ತನ್ನ ಕಡೆಯವರನ್ನೇ ಒಳಗೆ ತುಂಬಿತು. ಅವರು ಕೂತು, ಮನೆ ಬೇಡ ಅಂತ ಮತ ಹಾಕಿ, ಎದ್ದು ಬಂದರು.