ಗ್ರೂಪ್ ಪ್ರಾಜೆಕ್ಟ್ ಮತ್ತು ಮನೆಯ ನಂಬಿಕೆ: ಒಂಟಾರಿಯೊಗೆ ಹೊಸದಾಗಿ ಬಂದವರಿಗೆ

ನಮ್ಮಲ್ಲಿ ಪರೀಕ್ಷೆ ಬರೆಯುವುದು ಒಬ್ಬ, ಮಾರ್ಕ್ಸು ಬರುವುದೂ ಅವನೊಬ್ಬನಿಗೇ. ಇಲ್ಲಿ ಹಾಗಲ್ಲ. ನಾಲ್ಕು ಮಕ್ಕಳು ಸೇರಿ ಒಂದು ಪ್ರಾಜೆಕ್ಟ್ ಮಾಡುತ್ತಾರೆ, ಮಾರ್ಕ್ಸು ಒಬ್ಬೊಬ್ಬರಿಗೂ ಬೇರೆಯೇ ಕೊಡಬೇಕೆಂಬ ನಿಯಮವಿದ್ದರೂ ಕೆಲಸ ಒಬ್ಬರನ್ನೊಬ್ಬರು ನಂಬಿಕೊಂಡೇ ನಡೆಯುತ್ತದೆ. ಹಾಗಾಗಿ ನಿಮ್ಮ ಮಗಳು ಹಬ್ಬಕ್ಕೆ ರಜೆ ಹಾಕಿದರೆ ಉಳಿದ ಮೂವರಿಗೂ ತೊಂದರೆ ಆಗಬಹುದು. ಇದು ತಲೆಯಲ್ಲಿರಲಿ.

ಕೇಳುವ ಹಕ್ಕಂತೂ ನಿಮಗಿದೆ. ಒಂಟಾರಿಯೊ ಮಾನವ ಹಕ್ಕು ಕಾನೂನಿನ ಪ್ರಕಾರ, ವಿಪರೀತ ಕಷ್ಟವಾಗದ ಮಟ್ಟಿಗೆ ಶಾಲೆ ಮಕ್ಕಳ ಧರ್ಮದ ನಂಬಿಕೆಗೆ ಹೊಂದಿಕೊಳ್ಳಬೇಕು. ಚೌತಿ ಎಷ್ಟೋ ವರ್ಷ ಶಾಲೆ ಶುರುವಾದ ಹೊಸದರಲ್ಲೇ ಬರುತ್ತದೆ, ತಾರೀಕು ವರ್ಷವರ್ಷ ಬದಲಾಗುತ್ತದೆ. ಅದು ಟೀಚರ್‌ಗೆ ಗೊತ್ತಿರಬೇಕು ಅಂತೇನಿಲ್ಲ. ಮೊದಲ ವಾರವೇ ಒಂದು ಇಮೇಲ್ ಹಾಕಿ. ಉದ್ದ ಬೇಡ. "ಆ ದಿನ ನಮ್ಮ ಹಬ್ಬ, ಮಗ ಬರುವುದಿಲ್ಲ. ತನ್ನ ಪಾಲಿನ ಕೆಲಸ ಹಿಂದಿನ ವಾರವೇ ಗುಂಪಿಗೆ ಕೊಡುತ್ತಾನೆ. ಪ್ರೆಸೆಂಟೇಶನ್ ಬೇರೆ ದಿನ ಮಾಡಬಹುದೇ?" ಇಷ್ಟು ಸಾಕು. ಎರಡನೇ ಸಾಲು ಮಾತ್ರ ಬಿಡಬೇಡಿ. ಗುಂಪಿನವರಿಗೆ ನಿಮ್ಮ ಮೇಲೆ ನಂಬಿಕೆ ಬರುವುದೇ ಅದರಿಂದ. ಬಯಾಲಜಿ ಲ್ಯಾಬಿನಲ್ಲಿ ಪ್ರಾಣಿ ಕೊಯ್ಯಲು ಮಗು ಒಪ್ಪದಿದ್ದರೂ ಇದೇ ದಾರಿ. ಕಂಪ್ಯೂಟರ್ ಮಾಡೆಲ್ ಕೇಳಿ, ಚಿತ್ರ ಬರೆಯುವ, ಟಿಪ್ಪಣಿ ಮಾಡುವ ಕೆಲಸ ವಹಿಸಿಕೊಳ್ಳಲಿ.

ದಿನ ಬದಲಿಸಿ ಎನ್ನಿ, ಕೆಲಸ ಬದಲಿಸಿ ಎನ್ನಿ. ಜೊತೆಗಾರರನ್ನು ಬದಲಿಸಿ ಎಂದು ಮಾತ್ರ ಕೇಳಬೇಡಿ. 2013ರಲ್ಲಿ ಟೊರಾಂಟೊದ ಯಾರ್ಕ್ ಯೂನಿವರ್ಸಿಟಿಯಲ್ಲಿ ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿಯೊಬ್ಬ, ಹುಡುಗಿಯರಿರುವ ಗುಂಪಿನ ಜೊತೆ ಸೇರುವುದಕ್ಕೆ ನನ್ನ ಧರ್ಮ ಒಪ್ಪುವುದಿಲ್ಲ, ವಿನಾಯಿತಿ ಕೊಡಿ ಎಂದ. ಪ್ರೊಫೆಸರ್ ಆಗಲ್ಲ ಎಂದರು. ಮೇಲಿನವರು ಕೊಡಿ ಎಂದರೂ ಜಗ್ಗಲಿಲ್ಲ. ಕೊನೆಗೆ ಆ ಹುಡುಗನೇ ಒಪ್ಪಿ ಗುಂಪಿನ ಜೊತೆ ಕೂತ. ಪ್ರೊಫೆಸರ್ ಮಾಡಿದ್ದೇ ಸರಿ ಎನ್ನುವವಳು ನಾನು. ಬೇಡ ಅನಿಸಿಕೊಂಡ ಹುಡುಗಿಗೆ ಹೇಗಾಗಬೇಡ! ನಮ್ಮ ಮನೆಗಳಲ್ಲೂ "ಅವರ ಜೊತೆ ಬೇಡ" ಎನ್ನುವ ಮಾತು ಬರುತ್ತದೆ, ಅಲ್ವಾ? ಅದಕ್ಕೆ ಧರ್ಮದ ಹೆಸರು ಕೊಡಬೇಡಿ. ಜಾತಿ ನೋಡಿ ದೂರವಿಡುವುದೂ ತಾರತಮ್ಯವೇ ಎಂದು ಒಂಟಾರಿಯೊ ಮಾನವ ಹಕ್ಕು ಆಯೋಗ 2023ರಲ್ಲೇ ಹೇಳಿದೆ.

ಇನ್ನು ಬೇರೆಯವರ ಮಕ್ಕಳ ವಿಷಯ. ಗುಂಪಿನಲ್ಲಿ ಸಬ್ಬತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನ) ಆಚರಿಸುವ ಯಹೂದಿ ಹುಡುಗಿ ಇದ್ದರೆ ಶುಕ್ರವಾರ ಹೊತ್ತು ಮುಳುಗಿದ ಮೇಲೆ ಫೋನ್ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಐದು ಗಂಟೆಗೆ ಮೊದಲೇ ಕತ್ತಲು. ಆ ಕತ್ತಲಿನ ನಂತರ ಮೆಸೇಜ್ ಹಾಕಿ, ಶನಿವಾರ ಬೆಳಿಗ್ಗೆ "ಅವಳು ಕೆಲಸ ಮಾಡಲ್ಲ" ಎಂದು ಮಕ್ಕಳು ದೂರುವುದುಂಟು. ಗುರುವಾರವೇ ಕೆಲಸ ಹಂಚಿಕೊಳ್ಳಿ ಎಂದು ಹೇಳಿಕೊಡಿ. ರಂಜಾನ್ ತಿಂಗಳಲ್ಲಿ ಭೇಟಿ ಬೆಳಿಗ್ಗೆಯೇ ಇಟ್ಟುಕೊಂಡರೆ ಉಪವಾಸದ ಹುಡುಗನಿಗೆ ಸುಲಭ.

ಊರಲ್ಲಿ ಹಬ್ಬಕ್ಕೆ ಶಾಲೆಯೇ ಮುಚ್ಚುತ್ತಿತ್ತು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾವೂ ಯೋಚಿಸುತ್ತಿರಲಿಲ್ಲ. ಆ ನಿರಾಳ ಇಲ್ಲಿ ನಮ್ಮ ಮಕ್ಕಳಿಗಿಲ್ಲ, ಅದು ನನಗೆ ಈಗಲೂ ನೋವು. ಹತ್ತು ವರ್ಷದ ಮಗು ನಾಲ್ಕು ಜನರ ಮುಂದೆ ತನ್ನ ಹಬ್ಬವನ್ನು ವಿವರಿಸಬೇಕು. ಅದಕ್ಕೆ ಮೊದಲು ನಾವು ಅದರ ಕಥೆ ಹೇಳಿರಬೇಕು. ಹೈಸ್ಕೂಲಿಗೆ ಬಂದ ಮೇಲೆ ಇಮೇಲ್ ಅವರೇ ಬರೆಯಲಿ, ನೀವು ಸುಮ್ನೆ ಓದಿ ನೋಡಿ. ಟೀಚರ್ ಒಪ್ಪದಿದ್ದರೆ ಪ್ರಿನ್ಸಿಪಾಲರಿಗೆ ಬರೆಯಿರಿ.