ಒಣಗಿದ ಪೈಪ್ ತಂಬಾಕನ್ನ ಮತ್ತೆ ಹದಕ್ಕೆ ತರೋದು ಹೇಗೆ

ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯೋ ಮನೇಲಿ ಹುಟ್ಟಿದೋನು ನಾನು, ಪೈಪ್ ಸೇದೋಕೆ ಶುರು ಮಾಡಿನೂ 40 ವರ್ಷದ ಮೇಲಾಯ್ತು, ಹಾಗಾಗಿ ಮೊನ್ನೆ ನಮ್ಮ ತಂಗಿ ಮಗ ಒಂದು ಟಿನ್ ಹಿಡ್ಕೊಂಡು ಬಂದು "ಮಾವ, ಇದು ಪೂರ್ತಿ ಒಣಗಿ ಹೋಗಿದೆ, ಎಸೆದುಬಿಡ್ಲಾ" ಅಂದಾಗ ಹೊಟ್ಟೆ ಉರೀತು. ಎಸೀಬೇಡಿ. ಬೂಷ್ಟು ಹಿಡಿದಿಲ್ಲ ಅಂದ್ರೆ ಎಷ್ಟು ಗರಿಗರಿಯಾಗಿದ್ರೂ ಅದನ್ನ ಹದಕ್ಕೆ ತರಬಹುದು, ಆತುರ ಮಾತ್ರ ಮಾಡಬಾರದು.

ನಮ್ಮೂರಲ್ಲಿ ಬ್ಯಾರನ್‌ನಲ್ಲಿ, ಅಂದ್ರೆ ಎಲೇನ ಕೋಲಿಗೆ ಕಟ್ಟಿ ನೇತುಹಾಕಿ ಒಣಗಿಸೋ ಮನೇಲಿ, ಐದಾರು ದಿನ ಬಿಸಿ ಕೊಟ್ಟು ಒಣಗಿಸಿದ ಎಲೆ ಬೆಂಕಿ ನಿಲ್ಲಿಸಿದಾಗ ಸುಟ್ಟ ಹಪ್ಪಳದ ಥರ ಇರುತ್ತೆ, ಮುಟ್ಟಿದ್ರೆ ಪುಡಿ. ಆಗ ಬಾಗಿಲು ತೆಗೆದಿಡ್ತೀವಿ, ರಾತ್ರಿ ಗಾಳೀಲಿರೋ ತೇವಾನ ಎಲೆ ತಾನಾಗೇ ಎಳ್ಕೊಂಡು ಬೆಳಗ್ಗೆ ಹೊತ್ತಿಗೆ ಬಟ್ಟೆ ಥರ ಮೆತ್ತಗಾಗಿರುತ್ತೆ, ಆಮೇಲೇ ಕೋಲಿಂದ ಬಿಚ್ಚೋದು. ಟಿನ್‌ನಲ್ಲಿರೋ ತಂಬಾಕೂ ಅದೇ ಎಲೆ ತಾನೇ, ಅದಕ್ಕೂ ಗಾಳಿಯಿಂದಲೇ ತೇವ ಕೊಡಿ.

ಅಗಲವಾದ ಸ್ಟೀಲ್ ಬೇಸಿನ್‌ನಲ್ಲಿ ತಂಬಾಕನ್ನ ತೆಳ್ಳಗೆ ಹರಡಿ, ಹಳೇ ಪಂಚೆ ತುಂಡನ್ನ ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಬಾಯಿಗೆ ಬಿಗಿಯಾಗಿ ಕಟ್ಟಿ, ಬಟ್ಟೆ ಜೋತು ಬಿದ್ದು ತಂಬಾಕಿಗೆ ತಾಗಬಾರದು, ನೆನಪಿರಲಿ. ಎರಡು ಮೂರು ಗಂಟೆಗೊಮ್ಮೆ ತೆಗೆದು ಕೈಯಾಡಿಸಿ, ಬಟ್ಟೆ ಒಣಗಿದ್ರೆ ಮತ್ತೆ ಒದ್ದೆ ಮಾಡಿ. ಸಾಮಾನ್ಯವಾಗಿ ಒಂದು ದಿನ ಸಾಕು, ಬೇಸಿಗೇಲಿ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಆಮೇಲೆ ಜಾರ್‌ಗೆ ತುಂಬಿ ಎರಡು ದಿನ ಮುಚ್ಚಿಡಿ, ತೇವ ಎಲ್ಲಾ ಕಡೆ ಸಮ ಆಗಬೇಕಲ್ಲ. ಅಷ್ಟು ಪುರುಸೊತ್ತಿಲ್ಲ ಅಂದ್ರೆ ಸ್ಪ್ರೇ ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು ಹಾಕ್ಕೊಂಡು ಮಂಜಿನ ಹಾಗೆ ಒಂದೆರಡು ಸಲ ಹೊಡೆದು, ಕಲಸಿ, ಮುಚ್ಚಿ, ರಾತ್ರಿಯೆಲ್ಲ ಬಿಟ್ಟು ನೋಡಿ, ಸಾಲದಿದ್ರೆ ಮಾತ್ರ ಇನ್ನೊಂದು ಸಲ. ನೀರು ಹಾಕೋದು ಸುಲಭ, ತೆಗೆಯೋದು ಕಷ್ಟ.

ಹದ ಗೊತ್ತಾಗೋದು ಕೈಯಲ್ಲೇ. ಒಂದು ಚಿಟಿಕೆ ಹಿಡಿದು ಒತ್ತಿ ಬಿಡಿ, ಚರಚರ ಅಂತ ಮುರಿದ್ರೆ ಇನ್ನೂ ಒಣಗಿದೆ, ಉಂಡೆಯಾಗೇ ಉಳಿದ್ರೆ ನೀರು ಜಾಸ್ತಿ, ಒಂದು ಕ್ಷಣ ಅಂಟಿಕೊಂಡಿದ್ದು ನಿಧಾನಕ್ಕೆ ಬಿಡಿಸ್ಕೊಂಡ್ರೆ ಅದೇ ಹದ. ಟಿನ್‌ನಿಂದ ಏನೂ ಖರ್ಚು ಮಾಡಿಲ್ಲ ಅಂದ್ರೆ ಅಡಿಗೆಮನೆ ತಕ್ಕಡಿನೂ ಸಹಾಯಕ್ಕೆ ಬರುತ್ತೆ, ಮೇಲೆ 50 ಗ್ರಾಂ ಅಂತಿದ್ದು ತೂಕ 45 ಬಂದ್ರೆ ಹೋಗಿರೋದು ಹೆಚ್ಚೂಕಮ್ಮಿ 5 ಗ್ರಾಂ ನೀರೇ, ಒಂದು ಟೀ ಚಮಚ ಅಷ್ಟೇ! ಅದರಲ್ಲೂ 50ಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಿ, ನನಗಂತೂ ಒಂಚೂರು ಒಣಗಿದ್ದೇ ಚೆನ್ನ, ಒದ್ದೆ ತಂಬಾಕು ಪದೇಪದೇ ಆರಿಹೋಗುತ್ತೆ, ನಾಲಿಗೆನೂ ಉರಿಯುತ್ತೆ.

ಆಲೂಗಡ್ಡೆ ಹೋಳು, ಸೇಬಿನ ಸಿಪ್ಪೆ, ಬ್ರೆಡ್ ಚೂರು ಹಾಕಿಡಿ ಅಂತ ಹೇಳೋರಿದ್ದಾರೆ, ದಯವಿಟ್ಟು ಬೇಡ. ನಾನೇ ಹಿಂದೆ ಆಲೂಗಡ್ಡೆ ಹಾಕಿ ಮರೆತು, ನಾಲ್ಕನೇ ದಿನ ನೋಡಿದ್ರೆ ಬಿಳೀ ಬೂಷ್ಟು, ಇಡೀ ಡಬ್ಬಿ ತಿಪ್ಪೆಗೆ ಹೋಯ್ತು. ಬೂಷ್ಟು ಬಂದಿದ್ದನ್ನ ಆರಿಸಿ ತೆಗೆದು ಮಿಕ್ಕಿದ್ದು ಸೇದೋಣ ಅನ್ನಬೇಡಿ. ಅದರ ಬದಲು ಹೊಸ ಮಣ್ಣಿನ ಮಡಕೆ ಚೂರು ಒಂದನ್ನ ತೊಳೆದು ಕಾಲು ಗಂಟೆ ನೀರಲ್ಲಿ ನೆನೆಸಿ, ಮೇಲಿನ ನೀರು ಒರೆಸಿ ಜಾರ್‌ನೊಳಗೆ ಇಡಿ, ಹದ ಬಂದ ಮೇಲೆ ತೆಗೆದುಬಿಡಿ.

ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳ್ತೀನಿ, ವರ್ಷಗಟ್ಟಲೆ ಒಣಗಿದ್ದಕ್ಕೆ ತೇವ ವಾಪಸ್ ಬರುತ್ತೆ, ಹಾರಿಹೋದ ಘಮ ಬರಲ್ಲ. ಅದಕ್ಕೇ ಟಿನ್ ಒಡೆದ ದಿನವೇ ರಬ್ಬರ್ ವಾಷರ್ ಇರೋ ಗಾಜಿನ ಜಾರ್‌ಗೆ ಹಾಕಿ, ಉಪ್ಪಿನಕಾಯಿ ಹಾಕಿದ್ದ ಜಾರ್ ಬೇಡ, ಎಷ್ಟು ತೊಳೆದ್ರೂ ವಾಸನೆ ಬಿಡಲ್ಲ. ಬಿಸಿಲು ಬೀಳದ ಬೀರುವಿನಲ್ಲಿಡಿ, ಮಕ್ಕಳ ಕೈಗೆ ಎಟುಕದ ಮೇಲಿನ ಅರೆಯಲ್ಲಿ, ನಿಕೋಟಿನ್ ಮಗು ಹೊಟ್ಟೆಗೆ ಹೋದ್ರೆ ವಿಷ.